ಎಸ್ತೆಲಿಯ ಕಪ್ಪು ಎಲೆ

ನಿಕರಾಗುವಾದ ರಾಜಧಾನಿ ಮನಾಗುವಾದ ಮಯೊರೆಯೊ ಮಾರುಕಟ್ಟೆಯಿಂದ ಉತ್ತರಕ್ಕೆ ಹೊರಡುವ ಬಸ್ಸುಗಳಲ್ಲಿ ಬಹಳಷ್ಟು ಅಮೆರಿಕದ ಶಾಲಾ ಮಕ್ಕಳನ್ನು ಹೊತ್ತು ಹೊತ್ತು ಹಳತಾಗಿ ಇಲ್ಲಿಗೆ ಬಂದಂಥವು. ಸೀಟುಗಳ ಅಳತೆ ಇನ್ನೂ ಮಕ್ಕಳದ್ದೇ. ಮಂಡಿಯನ್ನು ಮುಂದಿನ ಸೀಟಿಗೆ ಒತ್ತಿಕೊಂಡು ಕೂತರೆ ಸೆಬಾಕೊ ಬಯಲಿನ ಭತ್ತದ ಗದ್ದೆಗಳು, ರಸ್ತೆ ಬದಿಯ ಈರುಳ್ಳಿ ರಾಶಿಗಳು ದಾಟಿಹೋಗುತ್ತವೆ. ಆಮೇಲೆ ಏರು ದಾರಿ, ತಂಪು ಗಾಳಿ. ರಾಜಧಾನಿಯಿಂದ ಸುಮಾರು 150 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ ಎಸ್ತೆಲಿ. ನಿಕರಾಗುವಾದ ಸಿಗಾರ್ ಪೇಟೆ ಅಂದರೆ ಇದೇ.

ವರ್ಷಗಟ್ಟಲೆ ಇಟ್ಟು ಹದಗೊಳಿಸಿದ ಮದುರೊ ಸಿಗಾರಿಗೆ ಜನ ಯಾಕೆ ಅಷ್ಟು ದುಡ್ಡು ಸುರಿಯುತ್ತಾರೆ ಎಂದು ನೋಡಲು ನಾನು ಹೋಗಿದ್ದೆ. ಮದುರೊ ಅಂದರೆ ಹೊರಸುತ್ತಿನ ಎಲೆ ಕಪ್ಪಗೆ ಮಾಗಿದ ಸಿಗಾರ್. ಕಪ್ಪು ಕಂಡೊಡನೆ ಖಾರ ಎಂದುಕೊಳ್ಳುವವರು ಬಹಳ. ಖಾರದ ಬಹುಪಾಲು ಇರುವುದು ಒಳಗಿನ ಎಲೆಯಲ್ಲಿ. ಹೊರಗಿನ ಕಪ್ಪು ಹೆಚ್ಚಾಗಿ ಸಿಹಿಯ ಕಡೆಯದು.

ಊರಿನ ಚರಿತ್ರೆ ಗೋಡೆಗಳ ಮೇಲೇ ಇದೆ. ದೇಶವನ್ನು ಆಳುತ್ತಿದ್ದ ಸರ್ವಾಧಿಕಾರಿ ಸೊಮೊಸಾ ಆಡಳಿತದ ವಿರುದ್ಧದ ಕಾದಾಟದಲ್ಲಿ ಬಾಂಬಿಗೆ ಸಿಕ್ಕ ಊರು ಇದು. ಬೀದಿ ಬೀದಿಯಲ್ಲಿ ಅದರ ಚಿತ್ರಗಳು. ಹೊಗೆಸೊಪ್ಪಿನ ಕಥೆಯೂ ಅದರ ಜೊತೆಗೇ ಹೆಣೆದುಕೊಂಡಿದೆ. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟ ಬೆಳೆಗಾರರಲ್ಲಿ ಕೆಲವರು ಈ ಕಣಿವೆಯ ಕಪ್ಪು ಮಣ್ಣನ್ನು ನಂಬಿ ಬಂದರು. 1968ರಲ್ಲಿ ಹೋಯಾ ದೆ ನಿಕರಾಗುವಾ ಎಂಬ ಸಿಗಾರ್ ಕಂಪನಿ ಶುರುವಾಯಿತು. ಮಯಾಮಿಯಲ್ಲಿ 1964ರಲ್ಲಿ ಸಿಗಾರ್ ಕಂಪನಿ ಶುರುಮಾಡಿದ್ದ ಹೊಸೆ ಒರ್ಲಾಂಡೊ ಪದ್ರೋನ್ 1970ರಲ್ಲಿ ತಯಾರಿಕೆಯನ್ನು ಇಲ್ಲಿಗೆ ತಂದರು. 1978ರ ಗಲಭೆಯಲ್ಲಿ ಅವರ ಕಾರ್ಖಾನೆ ಸುಟ್ಟುಹೋಯಿತು. 1985ರಿಂದ 1990ರವರೆಗೆ ಅಮೆರಿಕದ ವ್ಯಾಪಾರ ನಿರ್ಬಂಧ ಬೇರೆ. ಎಲೆಗೆ ವಯಸ್ಸಾಗಲು ಬಿಡುವಷ್ಟು ನೆಮ್ಮದಿ ಈ ಊರಿಗೆ ಸಿಕ್ಕಿದ್ದು ಆಮೇಲೆಯೇ ಎಂದು ನನಗನ್ನಿಸಿತು.

ನಾನು ಹೋದ ಕಾರ್ಖಾನೆ ದೊಡ್ಡ ಹೆಸರಿನದಲ್ಲ. ಬಾಗಿಲು ತೆರೆದೊಡನೆ ಅಮೋನಿಯದ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಎದೆಯೆತ್ತರದ ಬಣವೆಗಳು. ಒಣಗಿಸಿದ ಎಲೆಯ ಕಟ್ಟುಗಳನ್ನು ತುಸು ತೇವ ಮಾಡಿ ಒತ್ತೊತ್ತಾಗಿ ಒಟ್ಟಿದರೆ ಅವುಗಳ ಭಾರಕ್ಕೆ, ತೇವಕ್ಕೆ ಒಳಗೆ ತಾನಾಗಿಯೇ ಕಾವು ಏಳುತ್ತದೆ. ಇವರ ಮಾತಿನಲ್ಲಿ ಇದು ಪಿಲೋನ್. ನಡುವಿಗೆ ತೂರಿಸಿದ್ದ ಮಾಪಕವನ್ನು ಹೊರಗೆಳೆದು ತೋರಿಸಿದರು; 50 ಡಿಗ್ರಿ ದಾಟಿತ್ತು. ಕಾವು ಮಿತಿಗೆ ಬಂದಾಗ ಇಡೀ ಬಣವೆಯನ್ನು ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕಿ ಮತ್ತೆ ಒಟ್ಟಬೇಕು. ಮದುರೊ ಎಲೆಗೆ ಈ ಸುತ್ತು ಹೆಚ್ಚು ದಿನ, ಹೆಚ್ಚು ಕಾವಿನಲ್ಲಿ ನಡೆಯುತ್ತದೆ. ತೆಳ್ಳನೆಯ ಎಲೆ ಇದನ್ನು ತಾಳುವುದಿಲ್ಲ, ಹರಿದೇ ಹೋಗುತ್ತದೆ. ಅದಕ್ಕೇ ದಪ್ಪ ಎಲೆ ಬೇಕು: ಕನೆಕ್ಟಿಕಟ್ ನದಿ ಕಣಿವೆಯ ಬ್ರಾಡ್‌ಲೀಫ್, ಇಲ್ಲವೆ ಮೆಕ್ಸಿಕೊದ ವೆರಾಕ್ರೂಸ್ ಸೀಮೆಯ ಸಾನ್ ಆಂದ್ರೆಸ್ ಎಲೆ, ಅಥವಾ ಇಲ್ಲಿಯದೇ ಗಿಡದ ಮೇಲ್ತುದಿಯ ಎಲೆ.

ಬಣವೆ ಮಗುಚುತ್ತಿದ್ದ ಹೆಂಗಸೊಬ್ಬರು ಎರಡು ಎಲೆ ಎತ್ತಿಕೊಟ್ಟು ಮೂಸಿ ನೋಡಿ ಎಂದರು. ಒಂದು ಇನ್ನೂ ಹಸಿ ಘಾಟಿನದು. ಇನ್ನೊಂದು ಬಹಳ ಸುತ್ತು ಕಂಡದ್ದು: ಬಣ್ಣ ಸುಟ್ಟ ಕಾಫಿಬೀಜದ್ದು, ವಾಸನೆ ಥೇಟ್ ಕಾಕಂಬಿ. ಬಣ್ಣ ಬಳಿದು ಕಪ್ಪು ಮಾಡಿದ ಎಲೆಯನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳಿದೆ. ಬೆರಳನ್ನು ನಾಲಗೆಗೆ ತಾಗಿಸಿ ಎಲೆಗೆ ಉಜ್ಜಿ ತೋರಿಸಿದರು. ಬೆರಳಿಗೆ ಕಪ್ಪು ಗಾಢವಾಗಿ ಹತ್ತಿದರೆ ಅನುಮಾನ ಪಡಬೇಕಂತೆ. ನಿಜವಾದ ಮದುರೊದ ಬಣ್ಣ ಎಲ್ಲ ಕಡೆ ಒಂದೇ ಸಮ ಇರುವುದೂ ಇಲ್ಲ. ನನ್ನ ಕೈಲಿದ್ದ ಎಲೆಯ ನರದ ಬಳಿ ಕಂದು ಇಣುಕುತ್ತಿತ್ತು.

ಸುತ್ತುವ ಕೋಣೆಯ ವಿಚಾರ ಎಲ್ಲರೂ ಬರೆಯುತ್ತಾರೆ. ಜೋಡಿ ಜೋಡಿಯಾಗಿ ಕೆಲಸ. ಒಬ್ಬರು ಒಳಗಿನ ಎಲೆ ಮಡಿಸಿ ಕಟ್ಟಿದರೆ ಇನ್ನೊಬ್ಬರು ಚಾವೇತಾ ಎಂಬ ಹಿಡಿಯಿಲ್ಲದ ಕತ್ತಿಯಲ್ಲಿ ಹೊರ ಎಲೆ ಕತ್ತರಿಸಿ ಸುತ್ತುತ್ತಾರೆ. ನನಗೆ ಬೇಕಿದ್ದದ್ದು ಹಿಂದಿನ ಕೋಣೆ. ಅದರ ಗೋಡೆ, ಅಟ್ಟಣಿಗೆ ಎಲ್ಲ ಸ್ಪ್ಯಾನಿಷ್ ಸೀಡರ್. ಹೆಸರು ಏನೇ ಇರಲಿ, ಅದು ಬೇವಿನ ಕುಟುಂಬದ ಮರ. ತೇವಾಂಶ ಶೇ. 65ರಿಂದ 70ರ ಒಳಗೆ. ಅಲ್ಲಿ ಒಂದೇ ಮಿಶ್ರಣದ ಎರಡು ಸಿಗಾರ್ ಕೊಟ್ಟರು: ಒಂದು ಆ ವರ್ಷ ಸುತ್ತಿದ್ದು, ಇನ್ನೊಂದು ಸುತ್ತಿದ ಮೇಲೆ ಏಳು ವರ್ಷ ಅಲ್ಲೇ ಮಲಗಿದ್ದು. ಆರು ಇಂಚು ಉದ್ದ, 52 ರಿಂಗ್. ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಪಾಲು. ಹಾಗಾಗಿ ದಪ್ಪ ಮುಕ್ಕಾಲು ಇಂಚಿಗಿಂತ ತುಸು ಜಾಸ್ತಿ.

ಎರಡನ್ನೂ ಒಂದೇ ದಿನ ಸೇದುವ ತಾಕತ್ತು ನನಗಿಲ್ಲ. ಹೊಗೆ ಬಾಯಲ್ಲೇ ಉಳಿದರೂ ನಿಕೋಟಿನ್ ತಲೆಗೇರದೆ ಬಿಡುವುದಿಲ್ಲ. ಗಾಯ್ಯೊ ಪಿಂತೊ, ಅಂದರೆ ಅನ್ನ ಮತ್ತು ಕೆಂಪು ಬೀನ್ಸ್ ಕಾಳಿನ ಬೆಳಗಿನ ತಿಂಡಿ, ಪಕ್ಕದಲ್ಲಿ ಕ್ವಹಾದಾ ಎಂಬ ಮೆತ್ತನೆಯ ಚೀಸ್. ಇವನ್ನು ಹೊಟ್ಟೆತುಂಬ ತಿಂದ ಮೇಲೆಯೇ ಕಡ್ಡಿ ಗೀರಿದೆ. ಹೊಸದು ಮೊದಲು. ಆರಂಭದ ಎಳೆತಗಳಲ್ಲಿ ಬಣವೆಯ ಘಾಟಿನ ಸುಳಿವು, ಮೂಗಿನಿಂದ ಹೊಗೆ ಬಿಟ್ಟಾಗ ಕರಿಮೆಣಸಿನ ಚುರುಕು, ನಾಲಗೆ ಬದಿಯಲ್ಲಿ ಒಗರು. ಅರ್ಧ ದಾಟಿದ ಮೇಲೆ ಸಿಹಿ ಬಂತು, ಕೊನೆಯವರೆಗೂ ಜಗಳವಾಡುತ್ತಲೇ ಇತ್ತು.

ಹಳೆಯದನ್ನು ಮಾರನೆಯ ಬೆಳಿಗ್ಗೆ ಕತ್ತರಿಸಿದೆ. ಮೈಮೇಲೆ ಎಣ್ಣೆಯ ಮಂಕು ಹೊಳಪು. ಬೆರಳಾಡಿಸಿದರೆ ಸಣ್ಣ ಸಣ್ಣ ಗಂಟು ತಾಗುತ್ತಿತ್ತು. ಬಿಳಿ ಪುಡಿ ಇರಲಿಲ್ಲ, ಒಳ್ಳೆಯದೇ ಆಯಿತು. ವಯಸ್ಸಿನ ಗುರುತು ಎಂದು ಅದನ್ನು ಹೊಗಳುವವರಿದ್ದಾರೆ, ಎಷ್ಟೋ ಸಲ ಅದು ಬರೀ ಬೂಷ್ಟು. ಹೊತ್ತಿಸದೆಯೇ ಎಳೆದಾಗ ಒಣದ್ರಾಕ್ಷಿ ಮತ್ತು ಮರದ ಪರಿಮಳ. ಹೊತ್ತಿಸಿದ ಮೇಲೆ ಘಾಟು ಎಲ್ಲೂ ಇಲ್ಲ. ನಿಮಿಷಕ್ಕೊಂದು ಎಳೆತ, ಅದಕ್ಕಿಂತ ಅವಸರ ಮಾಡಿದರೆ ಕಹಿ. ನಡುಭಾಗ ನಿಜಕ್ಕೂ ಸೊಗಸು: ಕಡು ಚಾಕೊಲೇಟ್, ಕಾಫಿ, ಹಿಂದಿನಿಂದ ಕಾಕಂಬಿ, ಒಂದರಿಂದ ಒಂದನ್ನು ಬಿಡಿಸಲಾಗದಂತೆ. ಬೂದಿ ಬಿಗಿಯಾಗಿ ನಿಂತು ಒಂದು ಇಂಚು ದಾಟಿದ ಮೇಲೆ ಬಿತ್ತು. ಆದರೆ ಕೊನೆಯ ಮೂರನೇ ಒಂದು ಭಾಗದಲ್ಲಿ ಸರಕು ಮುಗಿದಿತ್ತು. ಸಿಹಿ ಇದೆ, ಅದರ ಕೆಳಗೆ ಏನೂ ಇಲ್ಲ. ಮೆಣಸಿನ ಚುರುಕೂ ಘಾಟಿನ ಜೊತೆಗೇ ಹೋಗಿಬಿಟ್ಟಿತ್ತು.

ಮಿಶ್ರಣದ ರುಚಿ ನೋಡುವ ಹಿರಿಯರಿಗೆ ಇದನ್ನೇ ಹೇಳಿದೆ. ಅವರು ಒಪ್ಪಲಿಲ್ಲ. "ನಿಮಗೆ ಮೆಣಸು ಬೇಕು, ನನ್ನ ವಯಸ್ಸಿಗೆ ಇದು ಸಾಕು" ಎಂದರು. ಎಲೆ ಬಣವೆಯಲ್ಲಿ, ಮೂಟೆಯಲ್ಲಿ ಎಷ್ಟು ವರ್ಷ ಬೇಕಾದರೂ ಮಾಗಲಿ, ಅದಕ್ಕೆ ದುಡ್ಡು ಕೊಡುತ್ತೇನೆ, ಸುತ್ತಿದ ಮೇಲೆ ಇಷ್ಟು ವರ್ಷ ಮಲಗಿಸಿದ್ದಕ್ಕೆ ಕೊಡಲಾರೆ ಎಂದೆ. ಒಳಗಿನ ಎಲೆ ಇನ್ನೂ ಗಟ್ಟಿಯಿದ್ದಿದ್ದರೆ ಏಳು ವರ್ಷವನ್ನು ತಾಳುತ್ತಿತ್ತೇನೋ ಎಂದಾಗ ಮಾತ್ರ ಸ್ವಲ್ಪ ತಲೆಯಾಡಿಸಿದರು. ಕೊನೆಗೆ ನಾನು ಕೊಂಡದ್ದು ಎರಡು ವರ್ಷ ಇಟ್ಟಿದ್ದ ಪೆಟ್ಟಿಗೆ. ಹಳೆಯದಕ್ಕಿಂತ ಬಹಳ ಅಗ್ಗ. ಕೊರ್ದೊಬಾ ನೋಟುಗಳನ್ನು ಎಣಿಸಿಕೊಂಡ ಗುಮಾಸ್ತೆ, ವಿದೇಶಿಯರು ಸಾಮಾನ್ಯವಾಗಿ ಇದನ್ನು ಕೇಳುವುದೇ ಇಲ್ಲ ಎಂದಳು.