ಮನೆ ಹತ್ತಿರವಿದ್ದರೇ ಕಷ್ಟ

ಅಮೆರಿಕದ ಪೂರ್ವ ಭಾಗದ ಉದ್ದನೆಯ ಕಾಲುದಾರಿ ಅಪಲಾಚಿಯನ್ ಟ್ರೇಲ್‌ನಲ್ಲಿ ಅತಿ ಕಷ್ಟದ ಜಾಗ ಯಾವುದು ಅಂತ ಕೇಳಿದರೆ ಹೆಚ್ಚಿನವರು ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಅಂತಾರೆ. ನಾನಿನ್ನೂ ಅಲ್ಲಿಗೆ ಮುಟ್ಟಿಲ್ಲ. ಸದ್ಯಕ್ಕೆ ನನ್ನ ಪಾಲಿಗೆ ಅದು ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿಗೆ ದಾಟಿಸುವ ಡೆಲವೇರ್ ವಾಟರ್ ಗ್ಯಾಪ್‌ನ ಸೇತುವೆ. ಏರೂ ಇಲ್ಲ, ಬಂಡೆಯೂ ಇಲ್ಲ. ಪಕ್ಕದಲ್ಲೇ ಇಂಟರ್‌ಸ್ಟೇಟ್ 80 ಹೆದ್ದಾರಿ, ಲಾರಿ ಹೋದಾಗಲೆಲ್ಲ ಕಾಲಡಿ ಅದುರುತ್ತದೆ, ಅಷ್ಟೇ. ಆದರೆ ಅದೇ ರಸ್ತೆ ಹಿಡಿದರೆ ಒಂದೂಕಾಲು ಗಂಟೆಯಲ್ಲಿ ಎಡಿಸನ್, ನಮ್ಮ ಮನೆ. ದಾರಿ ಶುರುವಾಗುವ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಇಲ್ಲಿಗೆ ಸುಮಾರು 1,300 ಮೈಲಿ, ಅದು ಮುಗಿಯುವ ಮೇನ್‌ನ ಕತಾಡಿನ್ ಬೆಟ್ಟಕ್ಕೆ ಇನ್ನೂ ಸುಮಾರು 900. ಈ ಲೆಕ್ಕ ಗೊತ್ತಿದ್ದೂ ಮನೆ ಕಡೆ ತಿರುಗದೆ ನಡೆಯುವುದಿದೆಯಲ್ಲ, ಅದು ಕಷ್ಟ.

ತಿರುಗಲೇಬೇಕಿತ್ತು ಬಿಡಿ, ಮಗಳ ಗ್ರ್ಯಾಜುಯೇಷನ್. ಸಾಗರದಿಂದ ಅಮ್ಮನೂ ಬಂದಿದ್ದಳು. ನಡೆದೂ ನಡೆದೂ ಪಾದ ಅಗಲವಾಗಿ ಹಳೆಯ ಕಪ್ಪು ಶೂ ಒಳಗೆ ಹೋಗಲೇ ಇಲ್ಲ. ಸೂಟು ಹಾಕಿ ಚಪ್ಪಲಿಯಲ್ಲೇ ಹೋಗಿ ಕೂತೆ. ಮಗಳು ಆ ಫೋಟೊ ಯಾರಿಗೂ ಕಳಿಸಬೇಡಿ ಅಂದಿದ್ದಾಳೆ. ಟ್ರೇಲ್‌ನ ಹಸಿವು ಮಾತ್ರ ಹಾಗೇ ಉಳಿದಿತ್ತು. ನೀರುದೋಸೆ ಎರೆದೂ ಎರೆದೂ ಹೆಂಡತಿಗೆ ಸಾಕಾಯಿತು. ಮನೆಗೆ ಹೋದರೆ ಮೈಗೆ ವಿಶ್ರಾಂತಿ ಅಂತ ಹೇಳುವವರ ಮಾತು ನಂಬಬೇಡಿ. ಊರೊಂದರ ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಮಲಗಿದರೆ ಮೈ ಹಗುರಾಗುತ್ತದೆ, ಮನೆಯಲ್ಲಿ ವಾರ ಕಳೆದರೆ ಮರಗಟ್ಟುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದವನು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಅಮ್ಮ ನೋಡಿದಳು.

"ಅಲ್ದೋ ಮಾರಾಯ, ಊರಲ್ಲಿ ಕಾಡು ನೋಡಿದ್ದು ಸಾಕಾಗ್ಲಿಲ್ವನೋ ನಿಂಗೆ?"

ಅವಳಿಗೆ ಕರಡಿಯ ಹೆದರಿಕೆಯಿಲ್ಲ, ಉಣುಗಿನದ್ದು. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಕಾಣಿಸಿಕೊಂಡ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ನಮ್ಮ ಸೀಮೆಯವರಿಗೆ ಈಗಲೂ ಹಳೆಯ ಕಥೆಯಲ್ಲ. 2019ರಲ್ಲಿ ಅರಳಗೋಡಲ್ಲಿ ಎಷ್ಟು ಜನ ಹೋದರು. ಇಲ್ಲಿನದು ಲೈಮ್ ಕಾಯಿಲೆ. ಅದೂ ಕನೆಕ್ಟಿಕಟ್‌ನ ಒಂದು ಊರಿನ ಹೆಸರನ್ನೇ ಹೊತ್ತಿದೆ. ನಮ್ಮದು ವೈರಸ್, ಇವರದು ಬ್ಯಾಕ್ಟೀರಿಯಾ, ಬೇಗ ಗೊತ್ತಾದರೆ ಮಾತ್ರೆಯಲ್ಲಿ ಗುಣವಾಗುತ್ತದೆ ಅಂತೆಲ್ಲ ವಿವರಿಸಿದೆ. "ಡಿಎಂಪಿ ಎಣ್ಣೆ ತಂದಿದ್ರೆ ಆಗ್ತಿತ್ತು" ಅಂದಳು, ಉಣುಗು ಹತ್ತದ ಹಾಗೆ ಊರಲ್ಲಿ ಮೈಗೆ ಹಚ್ಚುತ್ತಿದ್ದದ್ದು ಅದು. ನಾನು ಬಟ್ಟೆಗೆಲ್ಲ ಉಣುಗು ಕೊಲ್ಲುವ ಪರ್ಮೆಥ್ರಿನ್ ಹೊಡೆದು ಅಂಗಳದಲ್ಲಿ ಒಣಹಾಕಿದೆ. ಮೊಣಕಾಲ ಹಿಂದೆ, ಕಂಕುಳಲ್ಲಿ ದಿನಾ ಸಂಜೆ ನೋಡಿಕೊಳ್ಳಬೇಕು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ.

ನನ್ನನ್ನು ವಾಪಸ್ ಬಿಡಲು ಹೆಂಡತಿಯ ಜೊತೆ ಅಮ್ಮನೂ ಕಾರು ಹತ್ತಿದಳು. ಡೆಲವೇರ್ ನದಿ ಕಂಡಾಗ ಟಾಕ್ಸ್ ಐಲೆಂಡ್ ಅಣೆಕಟ್ಟಿನ ವಿಷಯ ಹೇಳಿದೆ. 1962ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು, ಕಣಿವೆಯ ಸಾವಿರಾರು ಜನರನ್ನು ಎಬ್ಬಿಸಿದರು, ಮನೆಗಳನ್ನು ಕೆಡವಿದರು. ಅಣೆಕಟ್ಟು ಮಾತ್ರ ಕಟ್ಟಲೇ ಇಲ್ಲ. ಅಮ್ಮನ ತವರು ಲಿಂಗನಮಕ್ಕಿಯ ಹಿನ್ನೀರಿನಡಿ ಇದೆ.

"ಕಟ್ಟಲಿಲ್ವಾ? ಹಂಗಾದ್ರೆ ಆ ಜನ ವಾಪಸ್ ಬಂದ್ರಾ?"

"ಇಲ್ಲ. ಅದನ್ನೆಲ್ಲ ಪಾರ್ಕ್ ಮಾಡಿದ್ರು."

"ನಮ್ದು ಕರೆಂಟು ಬೆಂಗಳೂರಿಗಾದ್ರೂ ಹೋಯ್ತು" ಅಂದು ಗೊಜ್ಜವಲಕ್ಕಿಯ ಇನ್ನೊಂದು ಪೊಟ್ಟಣ ನನ್ನ ಚೀಲಕ್ಕೆ ತುರುಕಿದಳು.

ಡನ್‌ಫೀಲ್ಡ್ ತೊರೆಯಿಂದ ಸನ್‌ಫಿಶ್ ಪಾಂಡ್‌ವರೆಗಿನ ಏರು ಏನೂ ಅಲ್ಲ, ಮನೆಗೆ ಹೋಗುವ ಮುಂಚೆ ಆಗಿದ್ದರೆ ಮಾತಾಡುತ್ತಲೇ ಹತ್ತುತ್ತಿದ್ದೆ. ಈ ಸಲ ಏದುಸಿರು ಬಂತು. ವಾರಾಂತ್ಯಕ್ಕೆ ಬಂದ ಮಕ್ಕಳು ನನ್ನ ದಾಟಿ ಓಡಿಹೋದರು. ಹಿಮನದಿ ಕೊರೆದು ಮಾಡಿದ ಕೊಳ ಅದು, ದಕ್ಷಿಣದಿಂದ ನಡೆದು ಬಂದವರಿಗೆ ಸಿಗುವ ಮೊದಲನೆಯದು. ದಂಡೆಯಲ್ಲಿ ಕೂತು ಅಮ್ಮನ ಒಂದು ಪೊಟ್ಟಣ ಖಾಲಿ ಮಾಡಿದೆ, ಹೊರೆ ಇಳಿಯಲಿ ಅಂತ. ಬಿಸಿನೀರು ಸುರಿದು ಮುಚ್ಚಿಟ್ಟರೆ ಸಾಕು, ಇಂಗಿನ ವಾಸನೆಗೆ ಪಕ್ಕದವರು ಬಂದು ಏನದು ಅಂತ ಕೇಳುತ್ತಾರೆ. ಈ ದಾರಿಯಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು ಬೀಳುತ್ತದೆ. ನನಗೆ 'ಚಟ್ನಿ' ಅಂತ ಬಿದ್ದದ್ದು ಹೀಗೇ. ನ್ಯೂಜೆರ್ಸಿಯಲ್ಲಿ ಕರಡಿ ಹೆಚ್ಚು, ರಾತ್ರಿ ಇದನ್ನೆಲ್ಲ ತಂಗುದಾಣದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಲೇಬೇಕು.

ಕಾಲು ಕೆಲವೇ ದಿನಗಳಲ್ಲಿ ಸರಿಹೋಯಿತು. ಸರಿಹೋಗದ್ದು ಜೊತೆ. ವರ್ಜೀನಿಯಾದಿಂದ ಒಟ್ಟಿಗೆ ನಡೆದವರೆಲ್ಲ ಮುಂದೆ ಹೋಗಿಬಿಟ್ಟಿದ್ದಾರೆ. ತಂಗುದಾಣಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇಟ್ಟಿರುತ್ತಾರೆ, ಹೋದವರು ಬಂದವರು ಬರೆಯಲಿ ಅಂತ. ಅದನ್ನೀಗ ಪೇಪರ್ ಓದಿದ ಹಾಗೆ ಓದುತ್ತೇನೆ. ಹೆಸರಿನ ಬದಲು ಅಣಬೆಯ ಚಿತ್ರ ಬಿಡಿಸುವ ಹುಡುಗಿಯೊಬ್ಬಳಿದ್ದಾಳೆ. ಒಂದು ಕಡೆ ಅಣಬೆಯ ಪಕ್ಕ 'ಚಟ್ನಿ, ಬೇಗ ಬಾ, ಉಪ್ಪಿನಕಾಯಿ ತಾ' ಅಂತ ಇತ್ತು, ಐದು ದಿನ ಹಳೆಯದು. ಮುಂದಿನ ತಂಗುದಾಣದಲ್ಲಿ ಆರು ದಿನ ಹಳೆಯದು. ನಾನು ಜೋರಾಗಿ ನಡೆದೆ ಅಂದುಕೊಂಡಿದ್ದೆ! ಬ್ಯಾಕ್ಸ್‌ಟರ್ ಪಾರ್ಕಿನವರು ಕತಾಡಿನ್ ಹತ್ತುವವರು ಅಕ್ಟೋಬರ್ 15ರೊಳಗೆ ಬನ್ನಿ ಅನ್ನುತ್ತಾರೆ, ಹಾಗಾಗಿ ಓಡುವ ಅವಸರವೇನೂ ಇಲ್ಲ, ಕೂರುವ ಹಾಗೂ ಇಲ್ಲ.

ಇದನ್ನು ಗ್ರೀನ್‌ವುಡ್ ಲೇಕ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಬಂಡೆಯ ಮೇಲೆ ಬಣ್ಣದಲ್ಲಿ ಬರೆದ ಗಡಿ ದಾಟಿ ನ್ಯೂಯಾರ್ಕ್ ರಾಜ್ಯ ಸೇರಿದ್ದಾಯಿತು. ಬೆಟ್ಟದ ನೆತ್ತಿಯಲ್ಲೆಲ್ಲ ಕಾಡು ಬ್ಲೂಬೆರಿ ಹಣ್ಣಾಗಿದೆ, ನೀರಿಗೆ ಮಾತ್ರ ತತ್ವಾರ. ರಸ್ತೆ ದಾಟುವ ಕಡೆ ಪುಣ್ಯಾತ್ಮರು ಗ್ಯಾಲನ್ ಕ್ಯಾನುಗಳಲ್ಲಿ ನೀರಿಟ್ಟು ಹೋಗಿರುತ್ತಾರೆ. ಮುಂದೆ ಬೇರ್ ಮೌಂಟನ್, ಆಮೇಲೆ ಹಡ್ಸನ್ ನದಿ. ಅದನ್ನು ದಾಟಿ ಪಾಲಿಂಗ್ ಹತ್ತಿರ ಹೋದರೆ ದಾರಿ ರೈಲು ಹಳಿಗೇ ಅಡ್ಡ ಬರುತ್ತದೆ, ಅಲ್ಲೊಂದು ಪುಟ್ಟ ನಿಲ್ದಾಣ, ಹೆಸರೇ ಅಪಲಾಚಿಯನ್ ಟ್ರೇಲ್. ಶನಿವಾರ ಭಾನುವಾರ ಅಲ್ಲಿಂದ ನ್ಯೂಯಾರ್ಕ್ ನಗರಕ್ಕೆ ರೈಲಿದೆ, ನಗರದಿಂದ ಎಡಿಸನ್‌ಗೂ ಇದೆ. ಅಲ್ಲಿಗೆ ಮಂಗಳವಾರವೋ ಬುಧವಾರವೋ ತಲುಪುವ ಹಾಗೆ ನಡೆಯುತ್ತಿದ್ದೇನೆ.