ಇದ್ಯಾರ ಕಾಯಿರೀ?

ಹುಬ್ಬಳ್ಳಿಯ ನಮ್ಮ ಎಡಿಟಿಂಗ್ ರೂಮಿನಲ್ಲಿ ಕುರ್ಚಿಗಳು ಮೂರೇ. ಅದರಲ್ಲಿ ಒಳ್ಳೆಯದು ಅನ್ನುವ ಒಂದರಲ್ಲಿ ಸಾಹುಕಾರರನ್ನು ಕೂರಿಸಿ, ಎರಡು ನಿಮಿಷದ ವಿಡಿಯೊ ಹಾಕಿದೆವು. ಅವರು ಚಹಾ ಮುಟ್ಟಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇದ್ಯಾರ ಕಾಯಿರೀ? ಗುಂಟೂರು ಕಾಯಿ ಕಂಡಂಗ ಕಾಣತೈತಲ್ಲ?"

ನಮ್ಮ ಮೂವರ ಬಾಯಿಗೂ ಮಾತು ಬರಲಿಲ್ಲ. ಅದು ಅವರದೇ ಅಂಗಡಿಯ, ಅವರೇ ಕೈಯಾರೆ ಆರಿಸಿ ಕೊಟ್ಟಿದ್ದ ಬ್ಯಾಡಗಿ ಮೆಣಸಿನಕಾಯಿ!

ಕೆಲಸ ಒಪ್ಪಿಕೊಂಡಾಗ ಎಲ್ಲ ಸಲೀಸಾಗಿಯೇ ಇತ್ತು. ಬೇರೆ ರಾಜ್ಯದ ಮಸಾಲೆ ಪುಡಿ ಕಂಪನಿಗಳಿಗೆ ತೋರಿಸಲು ಅವರಿಗೆ ಒಂದು ವಿಡಿಯೊ ಬೇಕಿತ್ತು. ಅರ್ಧ ಅಡ್ವಾನ್ಸ್, ಎರಡು ಸಲ ತಿದ್ದುಪಡಿ, ಅದಕ್ಕೂ ಜಾಸ್ತಿ ಆದರೆ ಬೇರೆ ದುಡ್ಡು. ಇಷ್ಟನ್ನು ಕಾಗದದ ಮೇಲೆ ಬರೆಸಿಕೊಂಡೆ. ಡ್ರೋನ್ ಹಾರಿಸಿ ಅಂದರು. ಅಂಗಳದ ತುಂಬ ಒಣಗಲು ಹರವಿದ ಕಾಯಿಯ ಮೇಲೆ ಡ್ರೋನ್ ಇಳಿಸಿದರೆ ಅದರ ರೆಕ್ಕೆಯ ಗಾಳಿಗೆ ಏನಾಗುತ್ತದೆ ಎಂದು ವಿವರಿಸಿದೆ. ಸುಮ್ಮನಾದರು.

ತಪ್ಪು ಮಾಡಿದ್ದು ಅಲ್ಲಿಂದ ಮುಂದೆ. ಜಾಗ ನೋಡಿ ಬರಲು ನಾವು ಹೋಗಿದ್ದು ಭಾನುವಾರ. ಬ್ಯಾಡಗಿಯಲ್ಲಿ ಸಂತೆ ಸೋಮವಾರ ಮತ್ತು ಗುರುವಾರ. ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಒಳಗೆ ತಿರುಗಿ ಹೋದರೆ ಮಾರುಕಟ್ಟೆ ಖಾಲಿ ಖಾಲಿ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಪ್ಲಗ್ ಎಲ್ಲಿದೆ, ಟ್ರೈಪಾಡ್ ಎಲ್ಲಿ ನಿಲ್ಲುತ್ತದೆ, ಎಲ್ಲ ಬರೆದುಕೊಂಡೆವು. ಸೌಂಡ್ ನೋಡುವ ಹುಡುಗ ಕಣ್ಣು ಮುಚ್ಚಿ ನಿಂತು "ಏನ್ ಶಾಂತ ಐತ್ರೀ" ಅಂದ.

ಮರುದಿನ ಅದೇ ಜಾಗ ಗುರುತು ಸಿಗಲಿಲ್ಲ. ಬಳ್ಳಾರಿ, ರಾಯಚೂರು, ಆಂಧ್ರದಿಂದೆಲ್ಲ ಬಂದ ಲಾರಿಗಳು, ಹಮಾಲರ ಕೂಗು, ಎಲ್ಲಿ ನೋಡಿದರೂ ಚೀಲ. ಅದಕ್ಕೂ ಮಿಗಿಲಾಗಿ ಘಾಟು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಾವು ಮಾಸ್ಕ್ ಕೂಡ ಒಯ್ದಿರಲಿಲ್ಲ. ಖಾರ ಕಮ್ಮಿ ಅನ್ನುವುದು ಸಾರಿಗೆ ಹಾಕುವ ನಾಲ್ಕು ಕಾಯಿಯ ಮಾತು. ಸಾವಿರಾರು ಚೀಲ ಒಟ್ಟಿಗೆ ಬಾಯಿ ಬಿಚ್ಚಿದಾಗ ಆ ಲೆಕ್ಕ ನಡೆಯುವುದಿಲ್ಲ. ಮಜಾ ಅಂದರೆ ಅಲ್ಲಿನವರು ಯಾರೂ ಕೆಮ್ಮುವುದಿಲ್ಲ. ಸಾಹುಕಾರರು ಕ್ಯಾಮೆರಾ ಮುಂದೆ ನಿರಾಳವಾಗಿ ಮಾತಾಡುತ್ತಿದ್ದರು. ಹಿಂದೆ ನಿಂತ ನಾವು ಮೂವರು ಸರದಿಯಂತೆ ಕೆಮ್ಮುತ್ತಿದ್ದೆವು. ಹೆಡ್‌ಫೋನ್ ಹಾಕಿಕೊಂಡವನಿಗೆ ತನ್ನ ಕೆಮ್ಮು ತನಗೇ ಜೋರಾಗಿ ಕೇಳಿ ಇನ್ನಷ್ಟು ಗಾಬರಿ.

ಕೊನೆಗೆ ಅವರನ್ನು ಒಳಗಿನ ಆಫೀಸಿಗೆ ಕರೆದುಕೊಂಡು ಹೋದೆವು. ಕಿಟಕಿ ಮುಚ್ಚಿ, ಸದ್ದು ಬೀಳುತ್ತದೆಂದು ಫ್ಯಾನ್ ಆರಿಸಿದೆವು. ಗಂಜಿ ಹಾಕಿದ ಅವರ ಅಂಗಿ ಕಾಲರ್ ಮೈಕಿಗೆ ತಾಗಿ ಚರ್ ಚರ್ ಅನ್ನುತ್ತಿತ್ತು. ಮೈಕನ್ನು ಎರಡು ಬೆರಳು ಕೆಳಗೆ ಇಳಿಸಿ ಟೇಪ್ ಹಾಕಿದ ಮೇಲೆ ಸರಿಹೋಯಿತು. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕಿತು. ನಮ್ಮ ಕರೆಂಟು 50 ಹರ್ಟ್ಜ್. ಕ್ಯಾಮೆರಾದ ಶಟರ್ 60ರಲ್ಲೊಂದು ಸೆಕೆಂಡಿಗೆ ಇತ್ತು. ಅದನ್ನು 50ರಲ್ಲೊಂದಕ್ಕೆ ತಂದ ಕೂಡಲೇ ಮಿಣುಕು ನಿಂತಿತು. ಹೊರಡುವ ಮುಂಚೆ ಎಲ್ಲರಿಗೂ ಬಾಯಿ ಮುಚ್ಚಿ ನಿಲ್ಲಲು ಹೇಳಿ ಆ ಕೋಣೆಯ ಬರೀ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಮಾತು ಕತ್ತರಿಸಿದಲ್ಲಿ ತೇಪೆ ಹಾಕಲು ಅದು ಬೇಕೇ ಬೇಕು. "ಏನೂ ಇಲ್ಲದ್ದನ್ನ ಯಾಕ್ ತುಂಬ್ಕೋತೀರಿ?" ಅಂತ ಗುಮಾಸ್ತರು ನಕ್ಕರು.

ಹೀಗೆ ಇಡೀ ದಿನ ಕಿವಿಯ ಚಿಂತೆಯಲ್ಲೇ ಹೋಯಿತು. ಕಣ್ಣಿಗೆ ಕೆಂಪು ಚೆನ್ನಾಗಿಯೇ ಕಾಣುತ್ತಿತ್ತು. ಅದರ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಲ್ವಾ?

ಸಾಹುಕಾರರು ಹೋದ ಮೇಲೆ ಒಂದು ಶಾಟ್ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು. ಮುದುಕಿಯ ಅಂಗೈಯಂತೆ ಮೈತುಂಬ ನೆರಿಗೆ. ಗುಂಟೂರಿನದು ಅಷ್ಟು ಸುಕ್ಕಿಲ್ಲದ, ನುಣುಪು ಸಿಪ್ಪೆಯ ಕಾಯಿ. ನಮ್ಮ ವಿಡಿಯೊದಲ್ಲಿ ನೆರಿಗೆಗಳೇ ಇರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಹಾಗೆ ಒಂದೇ ಸಮ ಕೆಂಪು.

ಕಾರಣ ಹುಡುಕಿದಾಗ ನಾಚಿಕೆಯಾಯಿತು. ಬೆಳಕು ಹೆಚ್ಚಾಯಿತೋ ಇಲ್ಲವೋ ಎಂದು ಕ್ಯಾಮೆರಾದ ಪರದೆ ಮೇಲೆ ತೋರಿಸುವ ಜೀಬ್ರಾ ಗೆರೆಗಳನ್ನೇ ನಾವು ನಂಬಿದ್ದೆವು. ಅದು ನೋಡುವುದು ಒಟ್ಟು ಹೊಳಪನ್ನು. ಆ ಹೊಳಪಿನ ಲೆಕ್ಕದಲ್ಲಿ ನೂರಕ್ಕೆ ಸುಮಾರು 72 ಪಾಲು ಹಸಿರಿಗೆ, 21 ಕೆಂಪಿಗೆ, 7 ನೀಲಿಗೆ. ಹಾಗಾಗಿ ಕೆಂಪು ತನ್ನ ಮಿತಿ ಮುಟ್ಟಿ ತುಳುಕುತ್ತಿದ್ದರೂ ಜೀಬ್ರಾ ಮಾತ್ರ ಇನ್ನೂ ಜಾಗ ಇದೆ ಅನ್ನುತ್ತಿರುತ್ತದೆ. ಅದರ ಮೇಲೆ ಕ್ಯಾಮೆರಾ ಹುಡುಗ ಬಣ್ಣ ಎದ್ದು ಕಾಣಲಿ ಎಂದು ವಿವಿಡ್ ಸೆಟ್ಟಿಂಗ್ ಹಾಕಿದ್ದ. ಹೊತ್ತು ನೋಡಿದರೆ ನೆತ್ತಿಯ ಮೇಲಿನ ಬಿಸಿಲು, ನೆರಳೇ ಇಲ್ಲ. ನೆರಳಿಲ್ಲದೆ ನೆರಿಗೆ ಎಲ್ಲಿಂದ ಕಾಣಬೇಕು? ಒಮ್ಮೆ ತುಳುಕಿದ ಕೆಂಪನ್ನು ಎಡಿಟಿಂಗಿನಲ್ಲಿ ಎಷ್ಟು ಎಳೆದಾಡಿದರೂ ವಾಪಸ್ ಬರುವುದಿಲ್ಲ. ಎರಡು ರಾತ್ರಿ ಎಳೆದಾಡಿದೆ. ಕೆಂಪು ಹೋಗಿ ಇಟ್ಟಿಗೆ ಬಣ್ಣ ಬಂತು.

ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಅದರ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್ಕಿಗೂ ನೇಲ್ ಪಾಲಿಶಿಗೂ ಬಳಸುತ್ತಾರೆ. ಇದನ್ನೆಲ್ಲ ಹಿನ್ನೆಲೆ ದನಿಯಲ್ಲಿ ಗಂಭೀರವಾಗಿ ಹೇಳಿಸಿ, ಪರದೆ ಮೇಲೆ ಬೇರೆಯದೇ ಕಾಯಿ ತೋರಿಸಿದ್ದೆವು. ಮುಂದಿನ ಗುರುವಾರ ನಮ್ಮದೇ ಖರ್ಚಿನಲ್ಲಿ ಮತ್ತೆ ಹೊರಟೆವು. ಈ ಸಲ ಮಾಸ್ಕ್ ಇತ್ತು.

ಬೆಳಗ್ಗೆ ಏಳೂವರೆ. ಬಿಸಿಲು ಬಾಗಿಲಿನಿಂದ ಅಡ್ಡಡ್ಡ ಬೀಳುತ್ತಿತ್ತು. ವಿವಿಡ್ ತೆಗೆದು, ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೋರಿಸುವ ಗ್ರಾಫ್ ಹಚ್ಚಿಕೊಂಡು, ಕೆಂಪಿನ ಗೆರೆ ಮೇಲಿನಿಂದ ಕೆಳಗಿಳಿಯುವವರೆಗೆ ಬೆಳಕು ಕಡಿಮೆ ಮಾಡಿದೆವು. ಪರದೆಯಲ್ಲಿ ಎಲ್ಲ ಮಂಕು ಮಂಕಾಗಿ ಕಂಡಿತು. "ಕತ್ತಲಾತ್ರೀ" ಅಂದ ಕ್ಯಾಮೆರಾ ಹುಡುಗ. ಆಗಲಿ ಬಿಡು, ಮಂಕನ್ನು ಎತ್ತಬಹುದು ಅಂದೆ.

ತೊಟ್ಟು ಬಿಡಿಸುವ ಹೆಂಗಸರು ಗೋಣಿಚೀಲದ ಮೇಲೆ ಕೂತಿದ್ದರು. ಅವರಲ್ಲೊಬ್ಬ ಅಜ್ಜಿಯ ಕೈಯನ್ನೇ ಹತ್ತಿರದಿಂದ ತೆಗೆದೆವು. ಹೆಬ್ಬೆರಳಿನ ಉಗುರು ತೊಟ್ಟಿನ ಬುಡಕ್ಕೆ ಒಮ್ಮೆ ತಾಗುತ್ತದೆ, ಟಕ್ ಅನ್ನುತ್ತದೆ, ಕಾಯಿ ಈ ಕಡೆ, ತೊಟ್ಟು ಆ ಕಡೆ. ಕಣ್ಣು ಮಾತ್ರ ಪಕ್ಕದವಳ ಜೊತೆ ಮಾತಿನಲ್ಲಿ. ಅಡ್ಡ ಬೆಳಕಿಗೆ ಒಂದೊಂದು ನೆರಿಗೆಯೂ ಎದ್ದು ನಿಂತಿತ್ತು, ಕಾಯಿಯದೂ ಬೆರಳಿನದೂ. ಸೋಮವಾರದ ಶಾಟುಗಳಲ್ಲೂ ಅದೇ ಅಜ್ಜಿ ಇದ್ದಳು. ಬಳೆ ಅದೇ ಹಸಿರು, ಸೀರೆ ಮಾತ್ರ ಬೇರೆ. ಎರಡನ್ನೂ ಜೋಡಿಸಬೇಕಲ್ಲ, ಅದಕ್ಕೆ ಬಳೆಯಿಂದ ಮೇಲೆ ಏನೂ ಬರದಂತೆ ಚೌಕಟ್ಟು ಕಟ್ಟಿದೆವು.

ಉಳಿದದ್ದೆಲ್ಲ ರೂಮಿನ ಕೆಲಸ. ಸಾಹುಕಾರರು ಕೊಟ್ಟಿದ್ದ ಒಂದು ಕಿಲೊ ಕಾಯಿಯನ್ನು ಮಾನಿಟರ್ ಪಕ್ಕ ಇಟ್ಟುಕೊಂಡು ಬಣ್ಣ ತಾಳೆ ನೋಡುತ್ತ ಕೂತೆ. ರಾತ್ರಿ ಹನ್ನೊಂದರ ಮೇಲೆ ಬೀದಿ ಸದ್ದು ಅಡಗಿದಾಗ ಅದರಲ್ಲೇ ಒಂದು ಕಾಯಿ ಮೈಕಿನ ಮುಂದೆ ಅಲ್ಲಾಡಿಸಿ, ಒಳಗಿನ ಬೀಜದ ಗಲಗಲ ತುಂಬಿಕೊಂಡೆ. ಸಂತೆಯ ಗದ್ದಲದ ಕೆಳಗೆ ಅದನ್ನು ಸೇರಿಸಿದಾಗ ಚಿತ್ರಕ್ಕೇ ಒಣಗಿದ ಗುಣ ಬಂತು. ಟಿವಿಗೆ ಅಡ್ಡ, ಮೊಬೈಲಿಗೆ ಉದ್ದ, ಎರಡು ಅಳತೆಯಲ್ಲಿ ಮಾಡಿ, ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟು ಕಳಿಸಿದೆ. ಸಾಹುಕಾರರಿಂದ ಬಂದ ತಿದ್ದುಪಡಿ ಒಂದೇ: ಲೋಗೊ ದೊಡ್ಡದು ಮಾಡಿ. ಅದು ಎಲ್ಲರೂ ಹೇಳುವುದೇ.

ವಾರದ ಮೇಲೆ ಗುಮಾಸ್ತರ ಫೋನ್. ಅಜ್ಜಿಗೆ ವಿಡಿಯೊ ತೋರಿಸಿದರಂತೆ. ಬಳೆ ನೋಡಿ ತನ್ನ ಕೈ ಅಂತ ಗುರುತು ಹಿಡಿದಳಂತೆ. ಆಮೇಲೆ, "ನನ್ನ ಮಾರಿ ಎಲ್ಲೈತಿ?" ಅಂದಳಂತೆ.

ಇಡೀ ಹಾರ್ಡ್‌ಡಿಸ್ಕ್ ಜಾಲಾಡಿದೆ. ಸೋಮವಾರದ್ದರಲ್ಲಿ ಒಂದೇ ಒಂದು ಕಡೆ ಮುಖ ಇತ್ತು. ನಮ್ಮ ಹುಡುಗ ಕೆಮ್ಮುವುದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅದನ್ನೇ ಫೋಟೊ ಮಾಡಿ ಕಳಿಸಿದೆ. ಸಂಜೆ ಮತ್ತೆ ಗುಮಾಸ್ತರು, "ಸೆರಗ ಇಲ್ಲದ್ದು ಇದ್ರ ಒಂದು ಕಳಸಬೇಕಂತ್ರಿ."