ಬ್ಯಾಂಕ್ ಗ್ಯಾರಂಟಿ ಸಿಕ್ಕಿಬೀಳೋದು ಡಂಪಿನ ಇಳಿಜಾರಿನಲ್ಲಿ

ಗಣಿ ಮುಚ್ಚುವ ಮಾತು ಬಂದರೆ ಹುಬ್ಬಳ್ಳಿ, ಗದಗ ಕಡೆಯ ಲೀಸುದಾರರು ಮೊದಲು ವಿಚಾರಿಸೋದು ಸಸಿಗಳ ರೇಟು. ಡಂಪಿನ (ಗಣಿಯ ತ್ಯಾಜ್ಯ ಮಣ್ಣು-ಕಲ್ಲಿನ ರಾಶಿಯ) ಇಳಿಜಾರು, ಚರಂಡಿ ಸರಿಯಿಲ್ಲದೆ ನೆಟ್ಟ ಸಸಿ ಒಂದು ಮಳೆಗಾಲ ದಾಟೋದಿಲ್ಲ. ಗಣಿಯನ್ನು ಸರಿಯಾಗಿ ಮುಚ್ಚುತ್ತೇನೆಂದು ಲೀಸುದಾರ ಕೊಟ್ಟ ಬ್ಯಾಂಕ್ ಗ್ಯಾರಂಟಿಯೂ ಬಿಡುಗಡೆಯಾಗದೆ ಅಲ್ಲೇ ನಿಲ್ಲುತ್ತದೆ.

ಮೊದಲು ಮೊತ್ತ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ 27ನೇ ನಿಯಮದಂತೆ, 2021ರ ತಿದ್ದುಪಡಿ ಆದ ಮೇಲೆ, ಎ ವರ್ಗದ (ಭಾರಿ ಯಂತ್ರಗಳಿಂದ ನಡೆಯುವ ಇಲ್ಲವೇ ಹೆಚ್ಚು ಕಾರ್ಮಿಕರಿರುವ) ಗಣಿಗೆ ಹೆಕ್ಟೇರಿಗೆ 5 ಲಕ್ಷ, ಉಳಿದ ಬಿ ವರ್ಗಕ್ಕೆ 3 ಲಕ್ಷ ರೂಪಾಯಿ. ಈ ಲೆಕ್ಕ ಇಡೀ ಲೀಸಿಗಲ್ಲ, ಬಳಕೆಗೆ ಬಂದ ಜಾಗಕ್ಕೆ ಮಾತ್ರ: ಪಿಟ್ (ಅಗೆದ ಗುಂಡಿ), ಡಂಪ್, ಮೇಲ್ಮಣ್ಣಿನ ರಾಶಿ, ಅದಿರಿನ ಸ್ಟಾಕ್, ರಸ್ತೆ, ಶೆಡ್ಡು. ಮುಚ್ಚುವಿಕೆ ಯೋಜನೆಯ ಕೋಷ್ಟಕದಲ್ಲಿ ಪೂರ್ತಿ ಸರಿಪಡಿಸಿದ ಜಾಗಕ್ಕೆ ಬೇರೆಯೇ ಕಾಲಂ ಇದೆ. ಅದನ್ನು ಕಳೆದು ಉಳಿದದ್ದಕ್ಕೆ ಗ್ಯಾರಂಟಿ. 12 ಹೆಕ್ಟೇರ್ ಬಳಸಿದ ಬಿ ವರ್ಗದ ಗಣಿಗೆ 36 ಲಕ್ಷ; 3 ಹೆಕ್ಟೇರ್ ಆ ಕಾಲಂಗೆ ಸೇರಿದರೆ 27 ಲಕ್ಷ. ಅಲ್ಲಿ ಸೊನ್ನೆ ಬರೆದು ಕೈತೊಳೆದುಕೊಂಡರೆ 9 ಲಕ್ಷ ಸುಮ್ಮನೆ ಬ್ಯಾಂಕಿನಲ್ಲಿ ಕೂತಿರುತ್ತದೆ. ಹರಾಜಿನಲ್ಲಿ ಲೀಸು ಪಡೆದು ಪರ್ಫಾರ್ಮೆನ್ಸ್ ಸೆಕ್ಯುರಿಟಿ (ಲೀಸಿನ ಷರತ್ತು ಪಾಲಿಸುವ ಭದ್ರತೆ) ಕೊಟ್ಟವರಿಗೆ ಈ ಗ್ಯಾರಂಟಿ ಬೇಡ. ಕಲ್ಲು ಕ್ವಾರಿ, ಗರಸಿನ ಹೊಂಡಗಳಿಗೂ ಇದು ಲಾಗೂ ಅಲ್ಲ, ಅವಕ್ಕೆ ರಾಜ್ಯದ 1994ರ ಉಪಖನಿಜ ನಿಯಮಗಳಿವೆ.

ಇನ್ನು ಇಳಿಜಾರು. ಟಿಪ್ಪರ್ ಸುರಿದ ಮಣ್ಣು ತಾನಾಗಿ 37 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಪರಿಸರ ಅನುಮತಿ ಪತ್ರಗಳು ಸಾಮಾನ್ಯವಾಗಿ ಕೇಳೋದು 28. ಎತ್ತರ 10 ಮೀಟರ್ ಇದ್ದರೆ, 37 ಡಿಗ್ರಿಯಲ್ಲಿ ಇಳಿಜಾರು ಅಡ್ಡಕ್ಕೆ ಸುಮಾರು 13 ಮೀಟರ್ ಚಾಚಿರುತ್ತದೆ. 28ಕ್ಕೆ ತರಲು 19 ಮೀಟರ್ ಬೇಕು. ಬುಡ ಆಗಲೇ ಲೀಸಿನ ಗಡಿಯಲ್ಲಿ ಖಾಲಿ ಬಿಡಬೇಕಾದ 7.5 ಮೀಟರ್ ಪಟ್ಟಿಗೆ ತಾಗಿದ್ದರೆ ಕೆಳಕ್ಕೆ ತಳ್ಳುವಂತಿಲ್ಲ. ಹಿಟಾಚಿ ಮೇಲೆ ಹತ್ತಿಸಿ, ನೆತ್ತಿಯಿಂದ ಕಡಿದು ಪಿಟ್ಟಿಗೆ ಸಾಗಿಸಬೇಕು. ಒಂದು ಮೀಟರ್ ಅಂಚಿಗೆ ಸುಮಾರು 28 ಘನ ಮೀಟರ್, ಅಂದರೆ 100 ಮೀಟರಿಗೆ 2,800. ಈ ಖರ್ಚು ಸುರಿಯೋ ಮೊದಲ ದಿನವೇ ತಪ್ಪಿಸಬಹುದಾದದ್ದು, ಬುಡದ ಗೆರೆ 6 ಮೀಟರ್ ಒಳಗೆ ಹಾಕಿದ್ದರೆ ಸಾಕಿತ್ತು.

ನೆತ್ತಿ ಒಳಮುಖವಾಗಿ ತುಸು ವಾಲಿರಲಿ, ಅಂಚಿಗೆ ಒಡ್ಡು ಇರಲಿ. ಇಲ್ಲದಿದ್ದರೆ ರೋಹಿಣಿ ಮಳೆಯ ಮೊದಲ ಹೊಡೆತಕ್ಕೇ ಕೊರಕಲು ಬೀಳುತ್ತದೆ. ಸುತ್ತುಚರಂಡಿ, ಹೂಳು ತಂಗುವ ಹೊಂಡ ಎರಡನ್ನೂ ದಿಢೀರ್ ಮಳೆಯ ಗರಿಷ್ಠ ಪ್ರಮಾಣಕ್ಕಿಂತ ಶೇ 50 ಹೆಚ್ಚು ಹಿಡಿಯುವಂತೆ ಕಟ್ಟಬೇಕು, ಮಳೆಗಾಲಕ್ಕೆ ಮುಂಚೆ ಹೂಳು ಎತ್ತಬೇಕು. ಬುಡದ ಗೋಡೆಯನ್ನು ಸಡಿಲ ಮಣ್ಣಿನ ಮೇಲೆ ಕಟ್ಟಿ, ನೀರು ಬಸಿಯಲು ಪೈಪು ಬಿಡದಿದ್ದರೆ ಹಿಂದೆ ನೀರು ತುಂಬಿ ಗೋಡೆ ಹೊರಕ್ಕೆ ವಾಲುತ್ತದೆ. ಹತ್ತಿರ ಸಿಗುತ್ತದೆಂದು ಎರೆಮಣ್ಣು ಹೊದಿಸಬೇಡಿ: ಬೇಸಿಗೆಯಲ್ಲಿ ಬಿರಿದು, ಬಿರುಕಿಗೆ ನೀರು ಹೋಗಿ ಪದರ ಜಾರುತ್ತದೆ. ತೆಗೆದಿಟ್ಟ ಮೇಲ್ಮಣ್ಣೇ ಒಳ್ಳೆಯದು. ಮೊದಲು ಹುಲ್ಲು, ಲಾವಂಚ. ಆಮೇಲೆ ಹೊಂಗೆ, ಬೇವು. ಬರೀ ಅಕೇಶಿಯಾ ನೆಟ್ಟ ಡಂಪು ದೂರಕ್ಕೆ ಹಸಿರು, ಬುಡದಲ್ಲಿ ಮಾತ್ರ ಬೋಳು.

ಕಾಗದದ ಕೆಲಸ ಚಿಕ್ಕದು, ಆದರೆ ತಾರೀಖಿನದು. ಮಾಡಿದ ಕೆಲಸದ ವಾರ್ಷಿಕ ವರದಿ ಜುಲೈ 1ರೊಳಗೆ, ಯೋಜನೆಯಿಂದ ಸರಿದಿದ್ದರೆ ಕಾರಣದ ಸಮೇತ. ಅಂತಿಮ ಮುಚ್ಚುವಿಕೆ ಯೋಜನೆ ಮುಚ್ಚುವುದಕ್ಕೆ 2 ವರ್ಷ ಮೊದಲು. ಅದನ್ನು ಹೊತ್ತಿಗೆ ಕೊಡದಿದ್ದರೆ ಗ್ಯಾರಂಟಿಯನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಲೀಸುದಾರನೇ ನೋಟಿಸ್ ಕೊಡಬೇಕು, ಅಧಿಕಾರಿ ದೃಢೀಕರಿಸಿದರೆ ಬಿಡುಗಡೆ. ಆದೇಶ ಬಂತೆಂದು ಸುಮ್ಮನಾಗಬೇಡಿ. ಮೂಲ ಗ್ಯಾರಂಟಿ ಪತ್ರವನ್ನು ವಾಪಸ್ ಪಡೆದು ಬ್ಯಾಂಕಿಗೆ ಒಪ್ಪಿಸಿ, ಅದರ ಮೇಲಿಟ್ಟ ಎಫ್‌ಡಿಯ ಲೀನ್ (ಬ್ಯಾಂಕಿನ ಹಿಡಿತ) ತೆಗೆಸಿ.